ಮೇಲಿಂದ ಕಂಡದ್ದು, ಕಾಣದ್ದು

ಮಕ್ಕಳೇ, ಹೆಲಿಕಾಪ್ಟರ್ ಸದ್ದು ಕೇಳಿಸಿತೆಂದರೆ ನಮ್ಮ ಕೊಳ್ಳೇಗಾಲದ ಕಡೆ ಇಂದಿಗೂ ಯಾರೂ ಮನೆಯೊಳಗೆ ಕೂತಿರುವುದಿಲ್ಲ. ಊಟಕ್ಕೆ ಕೂತವರೂ ಎದ್ದು ಬೀದಿಗೆ ಬರುತ್ತಾರೆ. ಚುನಾವಣೆ ಬಂದಾಗಲೋ, ದೊಡ್ಡವರು ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವಾಗಲೋ ಅದು ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಹನೂರಿನ ಕಡೆಯ ಹುಡುಗರು ಅದು ಇಳಿಯುವ ಮೈದಾನಕ್ಕೇ ಓಡುತ್ತಾರೆ. ಕಣ್ಣಿಗೆ ಧೂಳು ತುಂಬಿದರೂ ಜಾಗ ಬಿಟ್ಟು ಕದಲುವುದಿಲ್ಲ. "ಅದರೊಳಗೆ ಕೂತರೆ ಕೆಳಗೆ ಏನು ಕಾಣುತ್ತೆ?" ಎಂಬುದು ಅವರೆಲ್ಲರ ಪ್ರಶ್ನೆ. ಎಪ್ಪತ್ತು ದಾಟಿದ ಮೇಲೆ ನಾನೂ ಒಮ್ಮೆ ಕೂತು ಬಂದಿರುವುದರಿಂದ ಈ ವಾರ ಆ ಪ್ರಶ್ನೆಗೇ ಉತ್ತರ ಹೇಳುತ್ತೇನೆ.

ಹೆಲಿಕಾಪ್ಟರಿನಲ್ಲಿ ಕೂತು ದ್ವೀಪ ನೋಡುವುದು ಜಗತ್ತಿನ ಹಲವು ಕಡೆ ದೊಡ್ಡ ವ್ಯಾಪಾರ. ಅಮೆರಿಕಕ್ಕೆ ಸೇರಿದ ಹವಾಯಿಯಲ್ಲಿ ಕವಾಯಿ ಎಂಬ ದ್ವೀಪವಿದೆ. ಅದರ ಒಂದು ಕಡೆಯ ಕರಾವಳಿಯಲ್ಲಿ ಬೆಟ್ಟಗಳು ಗೋಡೆಯ ಹಾಗೆ ನೇರವಾಗಿ ಸಮುದ್ರಕ್ಕೆ ಇಳಿದಿವೆ. ಅಲ್ಲಿಗೆ ರಸ್ತೆಯೇ ಇಲ್ಲ. ನಡೆದು ಹೋಗಬೇಕು, ದೋಣಿಯಲ್ಲಿ ಹೋಗಬೇಕು, ಇಲ್ಲವಾದರೆ ಮೇಲಿಂದ ನೋಡಬೇಕು. ನನ್ನಂಥ ಮಂಡಿನೋವಿನವರಿಗೆ ಕೊನೆಯ ದಾರಿಯೊಂದೇ ಉಳಿಯುವುದು.

ನಮಗೆ ಅಷ್ಟು ದೂರ ಯಾಕೆ? ದಸರಾ ಸಮಯದಲ್ಲಿ ಮೈಸೂರಿನ ಲಲಿತಮಹಲ್ ಹೆಲಿಪ್ಯಾಡಿನಿಂದ ಸಾರ್ವಜನಿಕರನ್ನು ಹೆಲಿಕಾಪ್ಟರಿನಲ್ಲಿ ಒಂದು ಸುತ್ತು ಹಾಕಿಸಿದ್ದುಂಟು. ಹತ್ತನೇ ವರ್ಷಕ್ಕೆ ಕಾಲಿಟ್ಟ ಮೊಮ್ಮಗಳ ಜೊತೆ ನಾನು ಹತ್ತಿದ್ದು ಅಲ್ಲೇ. ತಲೆಗೆ ಎರಡು ಸಾವಿರ ಚಿಲ್ಲರೆ, ಹಾರಾಟ ಸುಮಾರು ಹತ್ತು ನಿಮಿಷ. ಬ್ಯಾಂಕಿನ ಗುಮಾಸ್ತನಾಗಿದ್ದವನ ಬುದ್ಧಿ ಎಲ್ಲಿಗೆ ಹೋಗುತ್ತದೆ? ನಿಮಿಷಕ್ಕೆ ಇನ್ನೂರರ ಮೇಲಾಯಿತಲ್ಲ ಎಂದು ಮನಸ್ಸಿನಲ್ಲೇ ಭಾಗಿಸಿಕೊಂಡೆ.

ಹತ್ತುವ ಮೊದಲು ಎಲ್ಲರನ್ನೂ ತೂಕ ಮಾಡುತ್ತಾರೆ. ಯಾರು ಎಲ್ಲಿ ಕೂರಬೇಕೆಂದು ಅವರೇ ಹೇಳುತ್ತಾರೆ. ಭಾರ ಒಂದೇ ಕಡೆ ಬೀಳಬಾರದು, ತಕ್ಕಡಿಯ ಹಾಗೆ ಸಮನಾಗಿರಬೇಕು. ಮೇಲಿನ ರೆಕ್ಕೆಗಳು ಗಿರ್ರನೆ ತಿರುಗುತ್ತಾ ಗಾಳಿಯನ್ನು ಕೆಳಕ್ಕೆ ತಳ್ಳುತ್ತವೆ, ಗಾಡಿ ಮೇಲೇಳುತ್ತದೆ. ಹಾಗಾದರೆ ಬಾಲದಲ್ಲಿ ಇನ್ನೊಂದು ಸಣ್ಣ ಫ್ಯಾನು ಯಾಕೆ? ಮನೆಯಲ್ಲಿ ತಿರುಗುವ ಕುರ್ಚಿ ಇದ್ದರೆ ಕಾಲೆತ್ತಿ ಕೂತು ಕೈಗಳನ್ನು ಚಾಚಿ, ಮೈಯನ್ನು ಬಲಕ್ಕೆ ಜೋರಾಗಿ ತಿರುಗಿಸಿ ನೋಡಿ. ಕುರ್ಚಿ ಎಡಕ್ಕೆ ತಿರುಗುತ್ತದೆ. ರೆಕ್ಕೆ ಒಂದು ಕಡೆ ತಿರುಗಿದರೆ ನಾವು ಕೂತ ಗಾಡಿಯೂ ಹಾಗೆಯೇ ಇನ್ನೊಂದು ಕಡೆ ತಿರುಗಬೇಕು. ಅದನ್ನು ತಡೆದು ಹಿಡಿಯುವುದೇ ಬಾಲದ ಫ್ಯಾನಿನ ಕೆಲಸ. ಈ ಯಂತ್ರಗಳನ್ನು ನಮ್ಮ ರಾಜ್ಯದಲ್ಲೇ ಮಾಡುತ್ತಾರೆ. ಎಚ್‌ಎಎಲ್‌ನವರ ಹೊಸ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಉದ್ಘಾಟನೆಯಾಯಿತು.

ಸರಿ, ಕಂಡದ್ದೇನು? ಚಾಮುಂಡಿ ಬೆಟ್ಟ ಕಂಡಿತು, ಅರಮನೆ ಕಂಡಿತು, ಕಾರಂಜಿ ಕೆರೆ ಕನ್ನಡಿಯ ಚೂರಿನಂತೆ ಹೊಳೆಯಿತು. ರಸ್ತೆಗಳು ದಾರದ ಎಳೆಗಳಾದವು. ಮನುಷ್ಯರು ಮೊದಲು ಎಳ್ಳುಕಾಳಿನಷ್ಟಾದರು, ಆಮೇಲೆ ಅದೂ ಇಲ್ಲ. ಮೊಮ್ಮಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಇಳಿದ ಮೇಲೆ ಅವಳ ಮೊದಲ ಮಾತು: "ತಾತ, ಇದರಲ್ಲೇ ಕೊಳ್ಳೇಗಾಲಕ್ಕೆ ಹೋಗಿದ್ರೆ ನಮ್ಮ ಹೊಳೆನೂ ನೋಡಬಹುದಿತ್ತು ಅಲ್ವಾ?"

ಊರಿಗೆ ಬಂದ ಮೇಲೆ ಅವಳಪ್ಪನ ಮೊಬೈಲಿನಲ್ಲಿ ಉಪಗ್ರಹದ ಚಿತ್ರ ತೆಗೆದು ಕಾವೇರಿಯನ್ನು ತೋರಿಸಿದೆ. ಬೆರಳಿಂದ ಹೊಳೆಯನ್ನೇ ಹಿಂಬಾಲಿಸುತ್ತಾ ಹೋದವಳು ಸತ್ತೇಗಾಲದ ಹತ್ತಿರ ನಿಂತಳು. "ಹೊಳೆ ಇಲ್ಲಿ ಎರಡಾಗಿದೆ! ಮಧ್ಯದಲ್ಲಿ ದ್ವೀಪ!" ಆ ದ್ವೀಪವೇ ಶಿವನಸಮುದ್ರ. ಭರಚುಕ್ಕಿಗೆ ನಾಲ್ಕಾರು ಸಲ ಹೋಗಿ ಬಂದವಳಿಗೆ ತಾನು ನಿಂತದ್ದು ನಡುಗಡ್ಡೆಯ ಮೇಲೆ ಎಂದು ಆವತ್ತಿನವರೆಗೆ ತಿಳಿದಿರಲಿಲ್ಲ. ಸೇತುವೆ ದಾಟಿ ರಸ್ತೆಯಲ್ಲೇ ಹೋಗುವವರಿಗೆ ತಿಳಿಯುವುದಾದರೂ ಹೇಗೆ?

ಆ ನಡುಗಡ್ಡೆ ಸುಮಾರು ಮೂರು ಮೈಲಿ ಉದ್ದವಿದೆ. ಒಂದು ಕವಲು ಗಗನಚುಕ್ಕಿಯಾಗಿ ಧುಮುಕಿದರೆ ಇನ್ನೊಂದು ಭರಚುಕ್ಕಿಯಾಗಿ ಹರಡಿಕೊಂಡು ಬೀಳುತ್ತದೆ. ಆಮೇಲೆ ಎರಡೂ ಕೂಡಿಕೊಳ್ಳುತ್ತವೆ. ನಡುವೆ ಮಧ್ಯರಂಗನ ಗುಡಿಯಿದೆ. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಇಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂವರು ರಂಗನಾಥರೂ ಕಾವೇರಿಯ ನಡುಗಡ್ಡೆಗಳಲ್ಲೇ ಮಲಗಿದ್ದಾರೆ. ಎದುರು ದಡದಲ್ಲಿ, ಮಳವಳ್ಳಿ ತಾಲ್ಲೂಕಿನ ಕಡೆ, 1902ರಲ್ಲಿ ಶುರುವಾದ ವಿದ್ಯುತ್ ಕೇಂದ್ರವಿದೆ. ಅಲ್ಲಿ ಹುಟ್ಟಿದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಆಗ ಆ ದಡ ಮೈಸೂರು ಸಂಸ್ಥಾನ, ನಮ್ಮ ದಡ ಮದರಾಸಿನ ಕೊಯಮತ್ತೂರು ಜಿಲ್ಲೆ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹೊಳೆಯೇ ಗಡಿಯಾಗಿತ್ತು ಎನ್ನುವುದನ್ನು ನಾನು ಓದಿ ತಿಳಿದಿದ್ದೆ. ಮೇಲಿನ ಚಿತ್ರದಲ್ಲಿ ಅದು ಗೆರೆ ಎಳೆದಂತೆ ಕಂಡಿತು. ಎತ್ತರದಿಂದ ನೋಡುವುದರ ಲಾಭ ಇದು. ಬಿಡಿಬಿಡಿಯಾಗಿ ಗೊತ್ತಿದ್ದದ್ದು ಒಟ್ಟಿಗೆ ಸೇರಿಕೊಳ್ಳುತ್ತದೆ.

ಮೇಲಿಂದ ಕಾಣದ್ದೂ ಇದೆ. ಅದನ್ನು ನನಗೆ ಹೇಳಿದವಳು ನನ್ನ ಅಕ್ಕ.

ಕಬಿನಿ ಮತ್ತು ಕನ್ನಂಬಾಡಿ, ಎರಡೂ ಕಟ್ಟೆಗಳಿಂದ ಒಟ್ಟಿಗೆ ಹೆಚ್ಚು ನೀರು ಬಿಟ್ಟರೆ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೆ ಹಂಪಾಪುರ, ಹಳೆ ಅಣಗಳ್ಳಿ, ಯಡಕುರಿಯದಂಥ ಊರುಗಳಿಗೆ ಹೊಳೆ ನುಗ್ಗುತ್ತದೆ. ಅಕ್ಕನ ಮನೆಯೂ ಹೊಳೆ ದಡದ ಊರಿನಲ್ಲೇ. ಒಂದು ಆಗಸ್ಟಿನಲ್ಲಿ ನೀರು ಏರಿ ಅವಳನ್ನು ಗಂಜಿ ಕೇಂದ್ರಕ್ಕೆ ಕರೆತಂದಿದ್ದರು. ಅಂಗಳದಲ್ಲಿ ನಿಂತಿದ್ದಾಗ ಮೇಲೆ ಹೆಲಿಕಾಪ್ಟರ್ ಹೋಯಿತಂತೆ. ನಾನು ನೋಡಲು ಹೋದಾಗ ಅವಳು ಅಂದದ್ದು: "ಮ್ಯಾಲಿಂದ ನೋಡ್ದವರ್ಗ ನೀರು ಕಂಡದ ಕಣಪ್ಪ, ನನ್ನ ಹಸ ಕಂಡದಾ?"

ಹಸು ಬದುಕಿತ್ತು. ಯಾರೋ ಹಗ್ಗ ಬಿಚ್ಚಿ ದಿಣ್ಣೆಗೆ ಅಟ್ಟಿದ್ದರು. ಅಕ್ಕ ಆಮೇಲೆ ಹೇಳಿದ ಇನ್ನೊಂದು ಸಂಗತಿಯನ್ನು ಮಾತ್ರ ನಾನು ಮರೆತಿಲ್ಲ. ಜನರನ್ನೆಲ್ಲ ದೋಣಿಗೆ ಹತ್ತಿಸಿ ಆಯಿತು ಅಂದುಕೊಂಡಿದ್ದಾಗ ಆರನೇ ತರಗತಿಯ ಒಬ್ಬಳು ಹುಡುಗಿ, "ಹಿಂದ್ಲ ಮನೆ ಅಜ್ಜಿ ಬರ್ನಿಲ್ಲ, ಅವ್ರು ಎದ್ದು ನಡಿಯಕ್ಕಾಗಲ್ಲ" ಎಂದಳಂತೆ. ದೋಣಿ ಮತ್ತೆ ಹೋಯಿತು. ಮಂಚದ ಕಾಲು ಮುಳುಗುವಷ್ಟು ನೀರಿತ್ತು. ಅಜ್ಜಿಯನ್ನು ಮಂಚದ ಸಮೇತ ಎತ್ತಿ ತಂದರು.

ಹೆಲಿಕಾಪ್ಟರ್ ಬೇಡವೆಂದು ಇದರ ಅರ್ಥವಲ್ಲ. ನೀರು ಎಲ್ಲಿಯವರೆಗೆ ಹರಡಿದೆ, ಯಾವ ರಸ್ತೆ ಕಡಿದುಹೋಗಿದೆ ಎಂದು ತಿಳಿಯಲು ಅದು ಬೇಕು. ದೋಣಿ ಹೋಗಲಾಗದ ಕಡೆ ಹಗ್ಗ ಇಳಿಬಿಟ್ಟು ಜನರನ್ನು ಎತ್ತುವುದೂ ಅದೇ. ಆದರೆ ಯಾವ ಬಾಗಿಲ ಹಿಂದೆ ಯಾರು ಮಲಗಿದ್ದಾರೆ ಎಂಬುದು ಆ ಬೀದಿಯಲ್ಲಿ ಆಡುವ ನಿಮಗೆ ಮಾತ್ರ ಗೊತ್ತು. ಬ್ಯಾಂಕಿನಲ್ಲಿ ನಾವು ದಿನದ ಕೊನೆಗೆ ಎರಡು ಪುಸ್ತಕ ಇಟ್ಟುಕೊಂಡು ತಾಳೆ ನೋಡುತ್ತಿದ್ದೆವು. ಒಂದೇ ಪುಸ್ತಕ ನೋಡಿ ಯಾರೂ ಮನೆಗೆ ಹೋಗುವಂತಿರಲಿಲ್ಲ.

ಆದ್ದರಿಂದ ಈ ವಾರ ನಿಮಗೊಂದು ಕೆಲಸ. ನಿಮ್ಮ ಬೀದಿ ಮೇಲಿಂದ ಹೇಗೆ ಕಾಣಬಹುದೋ ಹಾಗೆ ಒಂದು ಹಾಳೆಯಲ್ಲಿ ಬರೆಯಿರಿ. ಹೆಲಿಕಾಪ್ಟರ್ ಬೇಕಿಲ್ಲ. ಮನೆಯ ತಾರಸಿ ಸಾಕು, ಯಳಂದೂರಿನ ಕಡೆಯವರಿಗೆ ಬಿಳಿಗಿರಿರಂಗನ ಬೆಟ್ಟವೇ ಇದೆ. ಹೊಳೆ, ಕೆರೆ, ಹಳ್ಳ ಯಾವ ಕಡೆ, ತಗ್ಗು ಯಾವುದು, ದಿಣ್ಣೆ ಯಾವುದು, ಶಾಲೆ ಎಲ್ಲಿ, ಎಲ್ಲ ಇರಲಿ. ಅದಾದ ಮೇಲೆ ಮೇಲಿಂದ ಕಾಣದ್ದನ್ನು ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿ: ನಡೆಯಲಾಗದ ಅಜ್ಜ ಅಜ್ಜಿ ಇರುವ ಮನೆ, ಕಣ್ಣು ಕಾಣದವರ ಮನೆ, ಹಸುಗೂಸು ಇರುವ ಮನೆ, ಒಬ್ಬರೇ ಇರುವವರ ಮನೆ, ದನ ಕಟ್ಟುವ ಕೊಟ್ಟಿಗೆ. ಬರೆದು ಮುಗಿಸಿ ಮನೆಯ ಹಿರಿಯರಿಗೆ ತೋರಿಸಿ. ಬಿಟ್ಟುಹೋದದ್ದನ್ನು ಅವರು ಸೇರಿಸುತ್ತಾರೆ. ಮಳೆಗಾಲಕ್ಕೆ ಮುಂಚೆ ಆ ಹಾಳೆ ಎಲ್ಲರಿಗೂ ಕಾಣುವ ಕಡೆ ಗೋಡೆಯ ಮೇಲಿರಲಿ.