ಊರು ಬಿಡುವವರು ಯಾರು?

ಊರಿನ ಬಗ್ಗೆ ಗೊಣಗುವವರೆಲ್ಲ ಊರು ಬಿಡುವುದಿಲ್ಲ. ತೆರಿಗೆ ಹೆಚ್ಚು, ಶಾಲೆ ಸರಿಯಿಲ್ಲ, ಕತ್ತಲಾದ ಮೇಲೆ ಓಡಾಡಲು ಭಯ ಎನ್ನುತ್ತಲೇ ಅಲ್ಲಿಯೇ ಆಯುಷ್ಯ ಕಳೆಯುವವರು ಬಹಳ. ಅತೃಪ್ತರಿಗಿರುವುದು ದನಿ ಎತ್ತುವ ದಾರಿ, ಇಲ್ಲವೇ ಹೊರನಡೆಯುವ ದಾರಿ ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ವಿವರಿಸಿದರು. ಊರಿನ ಮೇಲಿನ ನಿಷ್ಠೆ ಎರಡನೆಯದನ್ನು ಮುಂದೂಡುತ್ತದೆ. ಆದರೆ ಹೊರನಡೆಯುವ ಬಾಗಿಲು ಎಲ್ಲರಿಗೂ ತೆರೆದಿರುತ್ತದೆಯೇ?

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇದಕ್ಕೆ ಉತ್ತರವಿದೆ. 1950ರಲ್ಲಿ ಸುಮಾರು 18.5 ಲಕ್ಷವಿದ್ದ ಅಲ್ಲಿನ ಜನಸಂಖ್ಯೆ 2020ಕ್ಕೆ 6.4 ಲಕ್ಷಕ್ಕೆ ಇಳಿಯಿತು. 43 ಜನರನ್ನು ಬಲಿ ತೆಗೆದುಕೊಂಡ 1967ರ ಗಲಭೆಯೇ ಇದಕ್ಕೆ ಕಾರಣವೆಂಬುದು ವಾಡಿಕೆಯ ವಿವರಣೆ. ಅದು ಅರೆಸತ್ಯ. 1960ರ ಜನಗಣತಿಯ ಹೊತ್ತಿಗೇ ಊರು ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಪ್ಯಾಕರ್ಡ್ ಕಾರು ಕಂಪನಿ 1956ರಲ್ಲಿ ಅಲ್ಲಿನ ತಯಾರಿಕೆ ನಿಲ್ಲಿಸಿತ್ತು. ಹೊಸ ಹೆದ್ದಾರಿಗಳು, ಹೊರವಲಯದ ಬಡಾವಣೆಗಳು, ಸರ್ಕಾರದ ಖಾತರಿಯುಳ್ಳ ಗೃಹಸಾಲ ಎಲ್ಲವೂ ಬಿಳಿಯರಿಗೆ ದಾರಿ ಸುಗಮಗೊಳಿಸಿದ್ದವು. ಅದೇ ಸಾಲ, ಅದೇ ಬಡಾವಣೆ ಕಪ್ಪು ಜನರಿಗೆ ದಕ್ಕುತ್ತಿರಲಿಲ್ಲ. ಹೀಗಾಗಿ ಪೊಲೀಸರ ದೌರ್ಜನ್ಯ, ನಿರುದ್ಯೋಗ, ಇಕ್ಕಟ್ಟಿನ ಮನೆಗಳಿಂದ ಹೆಚ್ಚು ನೊಂದವರೇ ಉಳಿದರು. ಅಷ್ಟು ನೋಯದವರು ಮೊದಲು ಹೋದರು. ವಸತಿಯಲ್ಲಿನ ತಾರತಮ್ಯವನ್ನು 1968ರ ಕಾನೂನು ನಿಷೇಧಿಸಿದ ಮೇಲೆ ಆ ಬಾಗಿಲು ನಿಧಾನವಾಗಿ ತೆರೆಯಿತು. 2000ದಿಂದ 2010ರ ನಡುವೆ ಊರಿನ ಜನಸಂಖ್ಯೆ ಕಾಲುಭಾಗ ಕುಸಿದಾಗ ಹೊರಟವರಲ್ಲಿ ಹೆಚ್ಚಿನವರು ಕಪ್ಪು ಜನರು. ಜನ ಊರಲ್ಲೇ ಉಳಿದಿದ್ದಾರೆಂದರೆ ತೃಪ್ತರಾಗಿದ್ದಾರೆ ಎಂದು ಭಾವಿಸುವ ಆಡಳಿತಗಾರರು ಗಮನಿಸಬೇಕಾದ ಸಂಗತಿಯಿದು.

ಮೊದಲು ಹೋಗುವವರು ಸಾಮಾನ್ಯವಾಗಿ ಅನುಕೂಲಸ್ಥರು. ಶಾಲೆ ಕೆಟ್ಟರೆ ಸಭೆ ಕರೆಯುವವರು, ಕಸ ಎತ್ತದಿದ್ದರೆ ಕಚೇರಿಗೆ ಹೋಗಿ ಕೇಳುವವರು ಅವರೇ. ಅವರೊಡನೆ ತೆರಿಗೆಯಷ್ಟೇ ಅಲ್ಲ, ಕೇಳುವ ಬಾಯಿಯೂ ಹೋಗುತ್ತದೆ. ಉಳಿದವರ ಮೇಲೆ ತೆರಿಗೆಯ ಭಾರ ಏರುತ್ತದೆ, ಸೇವೆ ಇಳಿಯುತ್ತದೆ, ಹೋಗಲು ಇನ್ನೂ ಕೆಲವರಿಗೆ ಕಾರಣ ಸಿಗುತ್ತದೆ. 2013ರಲ್ಲಿ ಡೆಟ್ರಾಯಿಟ್ ದಿವಾಳಿ ಘೋಷಿಸಿಕೊಂಡಾಗ ಅಲ್ಲಿನ ನೂರಕ್ಕೆ ಸುಮಾರು 40 ಬೀದಿದೀಪಗಳು ಉರಿಯುತ್ತಿರಲಿಲ್ಲ.

ದೂರು ಬಗೆಹರಿದೊಡನೆ ಹೋದವರು ಮರಳುವುದಿಲ್ಲ. 2016ರ ಕೊನೆಗೆ 65,000 ಹೊಸ ಎಲ್‌ಇಡಿ ದೀಪಗಳು ಬಂದವು; ಜನಸಂಖ್ಯೆ ಮಾತ್ರ ಇಳಿಯುತ್ತಲೇ ಇತ್ತು. ಅಷ್ಟರಲ್ಲಿ ಹೋದವರ ಮನೆ, ಮಕ್ಕಳ ಶಾಲೆ, ನೆರೆಹೊರೆ ಎಲ್ಲವೂ ಬೇರೆಡೆ ಬೇರೂರಿದ್ದವು. 1957ರ ನಂತರ ಮೊದಲ ಬಾರಿಗೆ ಊರಿನ ಜನಸಂಖ್ಯೆ ತುಸು ಏರಿದ್ದನ್ನು ಅಮೆರಿಕದ ಜನಗಣತಿ ಇಲಾಖೆ ಅಂದಾಜಿಸಿದ್ದು 2023ರ ಲೆಕ್ಕದಲ್ಲಿ.