ಲೆಕ್ಕಕ್ಕೆ ಸಿಗದ ಹೆಂಡತಿಯರು

ಕೆಲವು ಕಾಯಿಲೆಗಳ ಹೆಸರನ್ನು ನಾವು ಗಟ್ಟಿಯಾಗಿ ಹೇಳುತ್ತೇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು ಇವುಗಳ ಮಾತು ಮದುವೆ ಮನೆಯ ಪಂಕ್ತಿಯಲ್ಲಿಯೂ ನಡೆಯುತ್ತದೆ. ಇನ್ನು ಕೆಲವು ಉಂಟು. ಹೆಸರು ಬಂದರೆ ಸಾಕು, ಅತ್ತೆ ಕೆಮ್ಮುತ್ತಾರೆ, ಸೊಸೆ ಎದ್ದು ಒಳಗೆ ಹೋಗುತ್ತಾಳೆ. ಸಿಫಿಲಿಸ್ ಅಂಥದ್ದು. ನಮ್ಮ ಹಿಂದಿನವರು ಇದನ್ನು ಫಿರಂಗಿ ರೋಗವೆಂದು ಕರೆದು ಪರದೇಶದವರ ತಲೆಗೆ ಕಟ್ಟಿದರು. ಪರದೇಶದವರೇನು ಕಡಿಮೆಯೇ? ಇಟಲಿಯವರು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರ ರೋಗವೆಂದರು. ಎಲ್ಲರೂ ಬೇಗ ಒಮ್ಮತಕ್ಕೆ ಬಂದದ್ದು ಒಂದೇ ವಿಷಯದಲ್ಲಿ: ಇದು ಹೆಂಗಸಿನಿಂದ ಬರುವ ರೋಗ. ನನ್ನ ಜಗಳವಿರುವುದು ಆ ಮಾತಿನೊಂದಿಗೆ.

ಮೇಷ್ಟರಮ್ಮ ಬರೆಯುವ ವಿಷಯವೇ ಇದು ಎಂದು ಮೂಗು ಮುರಿಯುವವರಿದ್ದಾರೆ. ಇರಲಿ. ಮಕ್ಕಳಿಗೆ ಕಾಲರಾ, ಕ್ಷಯ, ಮಲೇರಿಯಾ ಪಾಠ ಮಾಡಬಹುದಾದರೆ ಇದನ್ನೇಕೆ ಮಾಡಬಾರದು? ಇದೂ ಒಂದು ಬ್ಯಾಕ್ಟೀರಿಯಾ, ಬಳೆಯ ಚೂರೂ ಅಲ್ಲ, ಶಾಪವೂ ಅಲ್ಲ. ಸ್ಕ್ರೂವಿನಂತೆ ಸುರುಳಿ ಸುತ್ತಿದ, ಬಹಳ ತೆಳ್ಳಗಿನ ಜೀವಿ. 1905ರಲ್ಲಿ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಎಂಬ ಇಬ್ಬರು ಇದನ್ನು ಗುರುತಿಸಿದರು. ಮೊದಲು ನೋವಿಲ್ಲದ ಒಂದು ಹುಣ್ಣು. ಅದು ತಾನಾಗಿ ಮಾಯುತ್ತದೆ. ವಾಸಿಯಾಯಿತೆಂದು ರೋಗಿ ನೆಮ್ಮದಿಯಾಗಿದ್ದರೆ, ರೋಗಾಣು ವರ್ಷಗಟ್ಟಲೆ ಅಡಗಿ ಕುಳಿತು ಕೆಲವರ ಹೃದಯಕ್ಕೂ ನರಗಳಿಗೂ ಕೈ ಹಾಕುತ್ತದೆ. ಹೆಂಗಸಿನಲ್ಲಿ ಆ ಹುಣ್ಣು ಒಳಗಿದ್ದರೆ ಅವಳಿಗೆ ಗೊತ್ತೇ ಆಗುವುದಿಲ್ಲ. ಬಸುರಿಯಾದರೆ ಹೊಟ್ಟೆಯ ಕೂಸಿಗೂ ದಾಟುತ್ತದೆ. ತನಗೆ ರೋಗವಿದೆಯೆಂದೇ ತಿಳಿಯದವಳನ್ನು ರೋಗದ ಮೂಲವೆನ್ನುವುದು ಎಂಥ ನ್ಯಾಯ?

ಆದರೆ ಕಾನೂನೇ ಹಾಗೆಂದಿತು. ಸೈನಿಕರಿಗೆ ರೋಗ ತಗಲುತ್ತಿದೆಯೆಂದು ಬ್ರಿಟನ್ 1864ರಲ್ಲಿ ಒಂದು ಕಾಯಿದೆ ತಂದಿತು. 1868ರಲ್ಲಿ ಭಾರತಕ್ಕೂ ಅಂಥದ್ದೇ ಬಂತು. ವೇಶ್ಯೆಯರೆನಿಸಿಕೊಂಡವರು ಹೆಸರು ನೋಂದಾಯಿಸಬೇಕು, ಕಡ್ಡಾಯವಾಗಿ ಪರೀಕ್ಷೆಗೆ ಒಳಗಾಗಬೇಕು, ರೋಗವಿದ್ದರೆ ಲಾಕ್ ಆಸ್ಪತ್ರೆಯೆಂಬ ಕಡೆ ಬಂಧಿಯಾಗಬೇಕು. ಅವರ ಬಳಿಗೆ ಹೋದ ಗಂಡಸಿಗೆ? ಆ ಕಾಯಿದೆಯಲ್ಲಿ ಅವನಿಗೆ ಏನೂ ಇಲ್ಲ. ಜೋಸೆಫಿನ್ ಬಟ್ಲರ್ ಎಂಬ ಗೃಹಿಣಿ ಬೀದಿಗಿಳಿದು ಕೂಗಿದ್ದರಿಂದ ಬ್ರಿಟನ್ನಿನ ಕಾಯಿದೆ 1886ರಲ್ಲಿ ರದ್ದಾಯಿತು, ನಮ್ಮದು 1888ರಲ್ಲಿ. ಮರ್ಯಾದಸ್ಥ ಹೆಂಗಸು ಬಾಯಿ ಬಿಡಬಾರದ ವಿಷಯವೆಂದು ಆಕೆಗೂ ಹೇಳಿದವರಿದ್ದರು.

ಅದು ಅಜ್ಞಾನದ ಕಾಲ, ವಿಜ್ಞಾನ ಬಂದ ಮೇಲೆ ಸರಿಹೋಯಿತು ಎನ್ನುತ್ತೀರಾ? ಹಾಗಾದರೆ ಟಸ್ಕೀಗಿಯ ಕಥೆ ಕೇಳಿ. 1932ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಅಲಬಾಮಾ ಪ್ರಾಂತ್ಯದಲ್ಲಿ ಒಂದು ಸಂಶೋಧನೆ ಶುರುಮಾಡಿತು. ಸಿಫಿಲಿಸ್ ಇದ್ದ 399 ಬಡ ಕಪ್ಪು ಜನರು, ಇಲ್ಲದ 201 ಜನರು, ಎಲ್ಲರೂ ಗಂಡಸರು. ಚಿಕಿತ್ಸೆ ಕೊಡದೆ ಬಿಟ್ಟರೆ ರೋಗ ಹೇಗೆ ಬೆಳೆಯುತ್ತದೆಂದು ನೋಡುವುದೇ ಸಂಶೋಧನೆ! ನಿಮ್ಮದು ಕೆಟ್ಟ ರಕ್ತ ಎಂದಷ್ಟೇ ಅವರಿಗೆ ಹೇಳಿದರು; ಊಟ ಕೊಟ್ಟರು, ಸತ್ತರೆ ಮಣ್ಣಿನ ಖರ್ಚು ಕೊಡುತ್ತೇವೆಂದರು. 1943ರಲ್ಲಿ ಪೆನ್ಸಿಲಿನ್ ಈ ರೋಗವನ್ನು ಗುಣಪಡಿಸುವುದೆಂದು ತಿಳಿಯಿತು. ಆದರೂ ಅವರಿಗೆ ಕೊಡಲಿಲ್ಲ. ಪೀಟರ್ ಬಕ್ಸ್‌ಟನ್ ಎಂಬ ನೌಕರ ಹೊರಗೆ ಹೇಳಿ, ಜೀನ್ ಹೆಲ್ಲರ್ ಎಂಬ ವರದಿಗಾರ್ತಿ 1972ರಲ್ಲಿ ಪತ್ರಿಕೆಗೆ ಬರೆದ ಮೇಲೆಯೇ ಅದು ನಿಂತದ್ದು. ನಲವತ್ತು ವರ್ಷ!

ಈಗ ನನ್ನ ಪ್ರಶ್ನೆ. ಆ ಗಂಡಸರು ಸಂಜೆ ಎಲ್ಲಿಗೆ ಹೋಗುತ್ತಿದ್ದರು? ಮನೆಗೆ. ಮನೆಯಲ್ಲಿ ಹೆಂಡತಿಯರಿದ್ದರು. ಇಷ್ಟು ಸಣ್ಣ ಸಂಗತಿ ಅಷ್ಟು ದೊಡ್ಡ ವೈದ್ಯರಿಗೆ ಹೊಳೆಯಲಿಲ್ಲವೇ? ಹೊಳೆದಿತ್ತು, ಬೇಕಾಗಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗು ತರಗತಿಯಲ್ಲಿದ್ದೂ ಇಲ್ಲದಂತೆ. ರೋಗ ತಗಲಿದ ಹೆಂಡತಿಯರಿಗೆ, ಹುಟ್ಟಿನಿಂದಲೇ ರೋಗ ಹೊತ್ತ ಮಕ್ಕಳಿಗೆ ಸರ್ಕಾರ ಆರೋಗ್ಯ ಸೌಲಭ್ಯ ಕೊಟ್ಟದ್ದು 1975ರಲ್ಲಿ. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದರು. ಅಷ್ಟು ಹೊತ್ತಿಗೆ ಕ್ಷಮಿಸಲು ಎಷ್ಟು ಮಂದಿ ಉಳಿದಿದ್ದರು?

ಗ್ವಾಟೆಮಾಲಾದಲ್ಲಿ 1946ರಿಂದ 1948ರವರೆಗೆ ನಡೆದದ್ದು ಇನ್ನೂ ಘೋರ. ಅಲ್ಲಿ ಅಮೆರಿಕದ ವೈದ್ಯರು ಲೈಂಗಿಕ ರೋಗಗಳನ್ನು ಬೇಕೆಂದೇ ಅಂಟಿಸಿದರು: ಕೈದಿಗಳಿಗೆ, ಸೈನಿಕರಿಗೆ, ಮಾನಸಿಕ ಆಸ್ಪತ್ರೆಯ ರೋಗಿಗಳಿಗೆ. ವೇಶ್ಯೆಯರಿಗೂ ಅಂಟಿಸಿ, ಅವರನ್ನು ಗಂಡಸರ ಬಳಿಗೆ ಕಳಿಸಿದರು. ಸಿರಿಂಜಿನ ಬದಲು ಹೆಂಗಸು! ಹಳೆಯ ಕಾಗದಗಳಲ್ಲಿ ಹೂತಿದ್ದ ಇದನ್ನು ಹೊರಗೆ ತೆಗೆದದ್ದು ಸೂಸನ್ ರೆವರ್ಬಿ ಎಂಬ ಇತಿಹಾಸಕಾರ್ತಿ. 2010ರಲ್ಲಿ ಅಮೆರಿಕ ಅದಕ್ಕೂ ಕ್ಷಮೆ ಕೇಳಿತು.

ನಾನು ಸಂಶೋಧನೆಯ ವಿರೋಧಿಯಲ್ಲ. ಈ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಲು ವಿಜ್ಞಾನಿಗಳಿಗೆ ಸಾಧ್ಯವಾದದ್ದು 2018ರಲ್ಲಿ. ಅದಕ್ಕೆ ಮೊದಲು ಮೊಲಗಳಲ್ಲಿಯೇ ಬೆಳೆಸಬೇಕಿತ್ತು. ಇಂಥ ತಾಳ್ಮೆಯ ಕೆಲಸಕ್ಕೆ ನನ್ನ ನಮಸ್ಕಾರ. ಇದರಿಂದ ಮುಂದೆ ಲಸಿಕೆ ಬಂದರೆ ಇನ್ನೊಂದು ನಮಸ್ಕಾರ. ಆದರೆ ಇರುವ ಔಷಧಿಯನ್ನು ತಡೆಹಿಡಿದು ಬರೆದುಕೊಂಡದ್ದಕ್ಕೆ ಜ್ಞಾನವೆನ್ನಲಾರೆ.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 11 ಲಕ್ಷ ಗರ್ಭಿಣಿಯರಿಗೆ ಸಿಫಿಲಿಸ್ ಇತ್ತು. ಅದರಿಂದಾಗಿ ಗರ್ಭದಲ್ಲೇ ಸತ್ತ, ಹುಟ್ಟಿ ಸತ್ತ, ಅವಧಿಗೆ ಮುಂಚೆ ಹುಟ್ಟಿದ, ರೋಗ ಹೊತ್ತು ಬಂದ ಕೂಸುಗಳ ಪ್ರಕರಣಗಳು 3,90,000ಕ್ಕೂ ಹೆಚ್ಚು. ಪೆನ್ಸಿಲಿನ್ ಇಂದಿಗೂ ಕೆಲಸ ಮಾಡುವ, ಅಗ್ಗದ ಮದ್ದು. ಸಕಾಲದಲ್ಲಿ ತಾಯಿಗೆ ಕೊಟ್ಟರೆ ಕೂಸು ಉಳಿಯುತ್ತದೆ. ಹಾಗಿದ್ದೂ ಇಷ್ಟು ತೊಟ್ಟಿಲು ಬರಿದಾಗುತ್ತಿರುವುದು ಯಾಕೆ? ಮದ್ದಿಲ್ಲದೆ ಅಲ್ಲ, ಮಾತಿಲ್ಲದೆ.

ನಮ್ಮಲ್ಲಿಯೂ ಬಸುರಿಯರ ರಕ್ತ ಪರೀಕ್ಷೆಯಲ್ಲಿ ವಿ.ಡಿ.ಆರ್.ಎಲ್. ಎಂಬುದೊಂದು ಇರುತ್ತದೆ. ಎಷ್ಟು ಜನ ಅದೇನೆಂದು ಕೇಳಿದ್ದೀರಿ? ಅದರಲ್ಲಿ ದೋಷ ಕಂಡಿತೆನ್ನಿ. ಬಸುರಿನಲ್ಲಿ ಅದು ಕೆಲವೊಮ್ಮೆ ಸುಳ್ಳು ಹೇಳುವುದೂ ಉಂಟು. ಇನ್ನೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ನಿಜವೇ ಆದರೆ ಅವಳೊಬ್ಬಳಿಗೆ ಸೂಜಿ ಹಾಕಿಸಿ ಪ್ರಯೋಜನವಿಲ್ಲ. ಒಮ್ಮೆ ವಾಸಿಯಾದವರಿಗೆ ಮತ್ತೆ ತಗಲದೆಂಬ ರಕ್ಷಣೆ ಈ ರೋಗದಲ್ಲಿಲ್ಲ. ಗಂಡನ ರಕ್ತವೂ ಪರೀಕ್ಷೆಯಾಗಬೇಕು, ಅವನಿಗೂ ಚಿಕಿತ್ಸೆಯಾಗಬೇಕು. ಇಲ್ಲಿಯೇ ನೋಡಿ ಮನೆಯವರ ಗಂಟಲು ಕಟ್ಟುವುದು. ಸೊಸೆಯ ಶೀಲವನ್ನು ಚರ್ಚಿಸಲು ಹತ್ತು ಬಾಯಿ, ಮಗನನ್ನು ಆಸ್ಪತ್ರೆಗೆ ಕಳಿಸಲು ಒಂದು ಬಾಯಿಯೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಗಾದೆ ನಮ್ಮದೇ ತಾನೆ!

ಆದ್ದರಿಂದ ಬಸುರಿ ಮಗಳನ್ನು, ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ಯುವ ತಾಯಂದಿರಿಗೆ, ಅತ್ತೆಯರಿಗೆ ನಾನು ಹೇಳುವುದಿಷ್ಟೇ. ಮೊದಲ ತಿಂಗಳುಗಳಲ್ಲೇ ಈ ಪರೀಕ್ಷೆ ಆಯಿತೇ ಎಂದು ಕೇಳಿ. ಫಲಿತಾಂಶ ಏನೆಂದು ಕೇಳಿ. ದೋಷವಿದ್ದರೆ, ಗಂಡನನ್ನು ಯಾವಾಗ ಕರೆತರಲಿ ಎಂದು ಕೇಳಿ. ಈ ಮೂರನೆಯ ಪ್ರಶ್ನೆಯನ್ನು ಟಸ್ಕೀಗಿಯ ವೈದ್ಯರು ತಿರುಗುಮುರುಗು ಮಾಡಿ, ಹೆಂಡತಿಯನ್ನು ಯಾವಾಗ ಕರೆತರುತ್ತೀಯಪ್ಪ ಎಂದು ಒಂದೇ ಒಂದು ಸಲ ಕೇಳಿದ್ದರೆ ಎಷ್ಟೋ ಮಕ್ಕಳು ನೆಟ್ಟಗೆ ಹುಟ್ಟುತ್ತಿದ್ದವು.