ಅಂಚೆಯಲ್ಲಿ ಬಂದ ಬೀಜ: ಹೊಣೆ ಯಾರದು?

ಕಳೆದ ಮುಂಗಾರಿನ ಆರಂಭದಲ್ಲಿ ಯುವ ರೈತರೊಬ್ಬರು ನಮ್ಮ ಕಚೇರಿಗೆ ಒಂದು ಪೊಟ್ಟಣ ತಂದಿದ್ದರು. ಅದರ ಮೇಲೆ ನೀಲಿ ತಿರುಳಿನ ಕಲ್ಲಂಗಡಿಯ ಚಿತ್ರ. ಮೊಬೈಲಿನಲ್ಲಿ ನೋಡಿ ತರಿಸಿದ್ದು. "ಇದನ್ನು ಹಾಕಬಹುದೇ ಸಾರ್?" ಎಂದು ಕೇಳಿದರು. ತಿರುಗಿಸಿ ನೋಡಿದರೆ ತಳಿಯ ಹೆಸರಿಲ್ಲ, ಮೊಳಕೆಯ ಪ್ರಮಾಣವಿಲ್ಲ, ಪರೀಕ್ಷೆಯ ತಾರೀಖಿಲ್ಲ, ಮಾರಿದವರ ವಿಳಾಸವೂ ಇಲ್ಲ. ನೀಲಿ ತಿರುಳಿನ ಕಲ್ಲಂಗಡಿ ಎಂಬುದೇ ಇಲ್ಲ. ದುಡ್ಡು ಹೋದದ್ದು ಸಣ್ಣ ಮಾತು. ಆ ಬೀಜ ಯಾವುದು, ಅದರ ಜೊತೆ ಏನು ಬಂದಿದೆ, ಹೊಲ ಕೆಟ್ಟರೆ ಯಾರನ್ನು ಕೇಳಬೇಕು ಎಂಬುದು ದೊಡ್ಡ ಪ್ರಶ್ನೆ.

ಈ ಪ್ರಶ್ನೆ ಬೇರೆ ದೇಶಗಳನ್ನೂ ಕಾಡಿದೆ. 2020ರ ಜುಲೈನಲ್ಲಿ ಅಮೆರಿಕದ ಸಾವಿರಾರು ಮನೆಗಳಿಗೆ ಬೀಜದ ಪೊಟ್ಟಣಗಳು ಅಂಚೆಯಲ್ಲಿ ಬಂದವು. ಕೆನಡಾ, ಬ್ರಿಟನ್‌ಗಳಲ್ಲಿಯೂ ಹಾಗೆಯೇ ಆಯಿತು. ಹಲವು ಪೊಟ್ಟಣಗಳ ಮೇಲೆ ಚೀನಾದ ಅಂಚೆಯ ಚೀಟಿ, ಒಳಗಿರುವುದು ಆಭರಣ ಅಥವಾ ಆಟಿಕೆ ಎಂಬ ಬರಹ. ಅಲ್ಲಿನ ಕೃಷಿ ಇಲಾಖೆ ಪರೀಕ್ಷಿಸಿದಾಗ ಸಾಸಿವೆ, ಕೋಸು, ಪುದೀನ, ದಾಸವಾಳದಂಥ ಸಾಮಾನ್ಯ ಬೀಜಗಳು ಕಂಡುಬಂದವು. ಆದರೆ ಕೆಲವದರಲ್ಲಿ ಕಸ್ಕ್ಯೂಟಾ ಬೀಜವೂ ಇತ್ತು. ಹುಚ್ಚೆಳ್ಳು, ಲೂಸರ್ನ್ ಬೆಳೆದವರಿಗೆ ಆ ಹಳದಿ ಬಳ್ಳಿಯ ಕಾಟ ಗೊತ್ತಿದೆ. ಅದೇ ವರ್ಷದ ಆಗಸ್ಟ್‌ನಲ್ಲಿ ನಮ್ಮ ಕೇಂದ್ರ ಕೃಷಿ ಸಚಿವಾಲಯವೂ ರಾಜ್ಯಗಳಿಗೆ ಎಚ್ಚರಿಕೆಯ ಸೂಚನೆ ಕಳಿಸಿತು.

ಕೇಳದವರಿಗೆ ಬೀಜ ಕಳಿಸಿದ್ದೇಕೆ? ಅವರ ಹೆಸರಿನಲ್ಲಿ ಸುಳ್ಳು ಖರೀದಿ ತೋರಿಸಿ, ಸುಳ್ಳು ಮೆಚ್ಚುಗೆ ಬರೆದುಕೊಳ್ಳುವ ವ್ಯಾಪಾರದ ತಂತ್ರವಿದು ಎಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಆದರೆ ಪೊಟ್ಟಣ ಪಡೆದವರಲ್ಲಿ ಅನೇಕರು ತಾವೇ ಬೀಜ ತರಿಸಿ ಮರೆತಿದ್ದರೆಂಬುದು ಅನಂತರ ತಿಳಿದುಬಂತು. ಮಾರುವವನು ಹೊರದೇಶದಲ್ಲಿದ್ದಾನೆಂಬುದೇ ಅವರಿಗೆ ಗೊತ್ತಿರಲಿಲ್ಲ. ಮೂಲ ತೊಂದರೆ ಇರುವುದು ಇಲ್ಲಿಯೇ. ಅದೇ ಸೆಪ್ಟೆಂಬರಿನಲ್ಲಿ ಅಮೆಜಾನ್ ಸಂಸ್ಥೆ ಹೊರದೇಶದ ಬೀಜಗಳನ್ನು ಅಮೆರಿಕದಲ್ಲಿ ಮಾರುವುದನ್ನು ನಿಲ್ಲಿಸಿತು.

ತಾಲ್ಲೂಕಿನ ಬೀಜದಂಗಡಿಗೆ ಪರವಾನಗಿ ಇದೆ. ಬೀಜ ನಿರೀಕ್ಷಕರು ಮಾದರಿ ತೆಗೆಯುತ್ತಾರೆ. ಬೀಜ ಹುಟ್ಟದಿದ್ದರೆ ರಸೀದಿ ಹಿಡಿದು ಅಂಗಡಿಯ ಮುಂದೆ ನಿಲ್ಲಬಹುದು. ಆನ್‌ಲೈನ್ ಸಂತೆಯಲ್ಲಿ ಇದಾವುದೂ ಸುಲಭವಲ್ಲ. ಸಂತೆ ನಡೆಸುವವರು "ನಾವು ಜಾಗ ಕೊಟ್ಟವರು, ಮಾರಿದವರು ಬೇರೆ" ಎನ್ನುತ್ತಾರೆ. ಆದರೆ ಆ ವ್ಯಾಪಾರದಿಂದ ಅವರಿಗೂ ಲಾಭವಿದೆ. ಲಾಭದಲ್ಲಿ ಪಾಲು ಇದ್ದ ಮೇಲೆ ಹೊಣೆಯಲ್ಲಿಯೂ ಪಾಲು ಇರಬೇಕಾದುದು ನ್ಯಾಯ.

ಈಗ ದೇಶಗಳು ಈ ದಿಕ್ಕಿನಲ್ಲಿ ಹೆಜ್ಜೆಯಿಡುತ್ತಿವೆ. ಅಪಾಯಕಾರಿ ಹೇರ್ ಡ್ರೈಯರ್, ಬೇಗ ಬೆಂಕಿ ಹತ್ತುವ ಮಕ್ಕಳ ಉಡುಪು ಮುಂತಾದ 4 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿಷಯದಲ್ಲಿ ಅಮೆಜಾನ್ ಕೇವಲ ಜಾಗ ಕೊಟ್ಟವನಲ್ಲ, ವಿತರಕ ಎಂದು ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗ 2024ರ ಜುಲೈನಲ್ಲಿ ತೀರ್ಪಿತ್ತಿತು. 2024ರಲ್ಲಿ ಯುರೋಪ್ ಒಕ್ಕೂಟಕ್ಕೆ ಸುಮಾರು 460 ಕೋಟಿ ಅಗ್ಗದ ಪಾರ್ಸೆಲ್‌ಗಳು ಬಂದವು. ಇಷ್ಟನ್ನೂ ಬಿಚ್ಚಿ ನೋಡುವುದು ಯಾವ ಸುಂಕದ ಕಟ್ಟೆಗೂ ಸಾಧ್ಯವಿಲ್ಲ. ಆದ್ದರಿಂದ ಹೊರಗಿನ ವಸ್ತುವಿಗೆ ಒಕ್ಕೂಟದೊಳಗೇ ಒಬ್ಬ ಹೊಣೆಗಾರ ಇರಬೇಕೆಂಬ ನಿಯಮ 2024ರ ಡಿಸೆಂಬರ್ 13ರಿಂದ ಅಲ್ಲಿ ಜಾರಿಗೆ ಬಂತು.

ನಮ್ಮಲ್ಲಿ 2020ರ ಇ-ವಾಣಿಜ್ಯ ನಿಯಮಗಳು ಭಾರತದ ಗ್ರಾಹಕರಿಗೆ ನಿಯಮಿತವಾಗಿ ಮಾರುವ ಹೊರದೇಶದ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಮಾರುವವರ ಹೆಸರು, ವಿಳಾಸ ತೋರಿಸಬೇಕು; ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ನೀಡಬೇಕು. 2003ರ ಸಸ್ಯ ಸಂಪರ್ಕನಿಷೇಧ ಆದೇಶದಂತೆ ಹೊರದೇಶದ ಬಿತ್ತನೆ ಬೀಜಕ್ಕೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಆದರೆ ಆಟಿಕೆಯೆಂದು ಬರೆದ ಪೊಟ್ಟಣವನ್ನು ಹಿಡಿಯುವವರು ಯಾರು? ಹೊರಗಿನ ಮಾರಾಟಗಾರ ಕೈಗೆ ಸಿಗದಿದ್ದಾಗ ಸಂತೆ ನಡೆಸುವವರೇ ಉತ್ತರಿಸಬೇಕೆಂಬ ಕಟ್ಟುನಿಟ್ಟು ನಮ್ಮಲ್ಲೂ ಬರಬೇಕಾಗಿದೆ.

ಕಾಂಗ್ರೆಸ್ ಗಿಡ ಹೊರಗಿನಿಂದ ಬಂದ ಗೋಧಿಯ ಜೊತೆ ಬಂದಿತೆಂದು ಹೇಳುತ್ತಾರೆ. ಇಂದಿಗೂ ಅದನ್ನು ಕಿತ್ತು ಮುಗಿದಿಲ್ಲ. ಆದ್ದರಿಂದ ರೈತ ಬಾಂಧವರು ಗಮನಿಸಬೇಕಾದ ಅಂಶಗಳು ಇವು:

ವಿಳಾಸವಿಲ್ಲದ ಬೀಜವನ್ನು ಬಿತ್ತಬೇಡಿ; ಕುಂಡದಲ್ಲಿಯೂ ಪರೀಕ್ಷಿಸಬೇಡಿ. ತಿಪ್ಪೆಗೂ ಎಸೆಯಬೇಡಿ, ಅಲ್ಲಿಂದಲೇ ಹೊಲ ಸೇರೀತು. ಪೊಟ್ಟಣವನ್ನು ಹೊರಗಿನ ಕವರ್ ಸಹಿತ ಹಾಗೆಯೇ ಕಟ್ಟಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಪ್ಪಿಸಿ. ಬೀಜ ಕೊಳ್ಳುವಾಗ ಚೀಟಿ ನೋಡಿ, ರಸೀದಿ ಪಡೆಯಿರಿ. ಮೊಬೈಲಿನಲ್ಲಿ ತರಿಸಿ ಮೋಸಹೋಗಿದ್ದರೆ ಆದೇಶದ ವಿವರ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಅಂದು ಬಂದಿದ್ದ ಯುವಕರು ಪೊಟ್ಟಣವನ್ನು ನಮ್ಮಲ್ಲೇ ಬಿಟ್ಟು ಹೋದರು. ನಿಮ್ಮ ಊರಿನಲ್ಲಿ ಅಂಥ ಪೊಟ್ಟಣಗಳಿದ್ದರೆ ಬಿತ್ತನೆಗೆ ಮೊದಲೇ ತಂದುಕೊಡಿ.